ಮುಂದೇನೆಂದು ಗೊತ್ತಿರುವ ಕಥೆ



2020ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಹೊಲದಲ್ಲಿ ತೊಗರಿ ರಾಶಿ, ಮುಖಕ್ಕೆ ಮಾಸ್ಕು, ಊರಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್. 22 ಮತ್ತು 27ಕ್ಕೆ ಮತದಾನ, 30ಕ್ಕೆ ಎಣಿಕೆ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಯಾರು ಯಾವ ಪಾರ್ಟಿ ಎನ್ನುವುದು ಮಾತ್ರ ಕೂಸಿಗೂ ಗೊತ್ತಿರುತ್ತದೆ, ಆ ಮಾತು ಬೇರೆ. ಊರು ಒಡೆಯುವುದು ಈ ಚುನಾವಣೆಯಲ್ಲೇ ಹೆಚ್ಚು. ವಿಧಾನಸಭೆಗೆ ನಿಂತವರು ಗೆದ್ದರೆ ಬೆಂಗಳೂರಿಗೆ ಹೋಗುತ್ತಾರೆ, ಸೋತರೆ ಕಲಬುರಗಿಯಲ್ಲಿ ಮನೆ ಇರುತ್ತದೆ. ಪಂಚಾಯ್ತಿಗೆ ನಿಂತವನು ಮರುದಿನ ಅದೇ ಹೋಟೆಲಿನ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತು ಚಹಾ ಕುಡಿಯಬೇಕು. ನಿಮ್ಮ ಮನೆಯ ಓಟುಗಳಲ್ಲಿ ತನಗೆಷ್ಟು ಬಿದ್ದವು ಎನ್ನುವ ಲೆಕ್ಕ ಅವನ ತಲೆಯಲ್ಲಿ ಇದ್ದೇ ಇರುತ್ತದೆ. ಕೆಲವು ಕಡೆಯಂತೂ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಆ ಸಲ ಪತ್ರಿಕೆಗಳಲ್ಲಿ ಬಂತು.

ಅದೇ ವರ್ಷ ಜುಲೈಯಿಂದ ಜೀ ಕನ್ನಡದಲ್ಲಿ ‘ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್’ ಬರುತ್ತಿತ್ತು. ಹಿಂದಿಯಿಂದ ಡಬ್ ಆದ ಧಾರಾವಾಹಿ. ರಾಜ್ಯದ ಊರೂರಲ್ಲಿ ಜನ ತಮ್ಮ ದುಡ್ಡಿನಿಂದಲೇ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿ ನಿಲ್ಲಿಸಿ ಎಂದು ನಡುರಾತ್ರಿ ಬೆದರಿಕೆ ಕರೆ ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದ ಮೇಲೆ ಫ್ಲೆಕ್ಸುಗಳು ಇನ್ನೂ ಹೆಚ್ಚಾದವು.

ಹಗಲೆಲ್ಲ ಗುಂಪುಗಾರಿಕೆ ಮಾಡಿ ಬಂದವರು ಸಂಜೆ ಟಿ.ವಿ. ಮುಂದೆ ಕೂತು ಒಬ್ಬ ಹುಡುಗನಿಗಾಗಿ ಕಣ್ಣೀರು ಹಾಕಿದ್ದು ಯಾಕೆ? ಬಾಲಕ ಭೀಮನಾಗಿ ಆಯುಧ್ ಭಾನುಶಾಲಿ ಚೆನ್ನಾಗಿ ನಟಿಸಿದ, ಅದು ಸರಿ. ತರಗತಿಯಲ್ಲಿ ದೂರ ಕೂರಲು ಮನೆಯಿಂದ ಗೋಣಿತಾಟು ಹೊತ್ತು ತರಬೇಕು. ದಾಹವಾದರೆ ನಲ್ಲಿ ತಿರುಗಿಸಲು ಜವಾನ ಬರಬೇಕು, ಜವಾನ ಬರದಿದ್ದರೆ ನೀರಿಲ್ಲ. ಅಂಬೇಡ್ಕರರು ಸ್ವತಃ ಬರೆದಿಟ್ಟ ಸಂಗತಿಗಳಿವು. ಎಷ್ಟೇ ಸಂಕಟವಾದರೂ ನೋಡುವವರಿಗೆ ಒಂದು ಭರವಸೆ ಇತ್ತು: ಈ ಹುಡುಗ ಮುಂದೆ ಸಂವಿಧಾನದ ಕರಡು ಬರೆಯುತ್ತಾನೆ. ನಾಡಿದ್ದು ಮತಪೆಟ್ಟಿಗೆಯಿಂದ ಏನು ಹೊರಬೀಳುತ್ತದೋ ಗೊತ್ತಿಲ್ಲದ ಹೊತ್ತಿನಲ್ಲಿ, ಮುಂದೇನಾಗುತ್ತದೆಂದು ಗೊತ್ತಿರುವ ಕಥೆಯೇ ದೊಡ್ಡ ಸಮಾಧಾನ.

ಹೀಗೆ ತೆರೆಯ ಮೇಲೆ ಸಮಾಧಾನ ಹುಡುಕುವುದನ್ನು ಅಮೆರಿಕದವರೂ ಮಾಡಿದ್ದಾರೆ. 1999ರಲ್ಲಿ ಶುರುವಾದ ‘ದಿ ವೆಸ್ಟ್ ವಿಂಗ್’ ಧಾರಾವಾಹಿಯಲ್ಲಿ ಬಾರ್ಟ್‌ಲೆಟ್ ಎಂಬ ಸಜ್ಜನ ಅಧ್ಯಕ್ಷನಿದ್ದಾನೆ. ನಿಜದ ಅಧ್ಯಕ್ಷರ ಮೇಲೆ ಬೇಸರವಾದವರೆಲ್ಲ ಅವನ ಹತ್ತಿರ ಹೋದರು. ನಮ್ಮಲ್ಲಿ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ವಕೀಲ ಸಿ.ಎಸ್.ಪಿ. ಈ ರುಚಿಯನ್ನು ಮೊದಲೇ ಹತ್ತಿಸಿದ್ದರು. ಬಾರ್ಟ್‌ಲೆಟ್ ಕಲ್ಪನೆಯ ಮನುಷ್ಯ, ಬೇಕಾದಾಗ ಗೆಲ್ಲಿಸಬಹುದು. ಅಂಬೇಡ್ಕರ್ ನಿಜವಾಗಿ ಬದುಕಿದವರು, ಚುನಾವಣೆಯಲ್ಲಿ ಸೋತವರು. 1952ರಲ್ಲಿ ಉತ್ತರ ಮುಂಬಯಿಯಲ್ಲಿ ಕಾಜ್ರೋಳ್ಕರ್ ಎದುರು ಸೋತರು, 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ‘ಮಹಾನಾಯಕ’ ಬಾಲ್ಯದಲ್ಲೇ ಬಹಳ ಕಾಲ ಕಾಲೂರಿತು ಎನ್ನುವುದೇ ನನ್ನ ತಕರಾರು. ಹುಡುಗನ ಮೇಲೆ ಪ್ರೀತಿ ಸುಲಭ; ಅವನು ಯಾರ ಓಟನ್ನೂ ಕೇಳುವುದಿಲ್ಲ.

ಸೋಲು-ಗೆಲುವು ನಮ್ಮ ಈ ನೆಲೋಗಿ ಊರಿಗೆ ನಾನು ಹೇಳಿಕೊಡಬೇಕಾದ್ದಲ್ಲ. ಇಲ್ಲಿ ಹುಟ್ಟಿದ ಧರಂಸಿಂಗ್ 1980ರಲ್ಲಿ ಕಲಬುರಗಿ ಲೋಕಸಭಾ ಸ್ಥಾನ ಗೆದ್ದು, ಅದನ್ನು ತಮ್ಮ ಪಕ್ಷದ ನಾಯಕ ಸಿ.ಎಂ. ಸ್ಟೀಫನ್ ಅವರಿಗೆ ಬಿಟ್ಟುಕೊಟ್ಟರು. ಧಾರಾವಾಹಿಯಲ್ಲಿ ಈ ದೃಶ್ಯ ಬರೆದಿದ್ದರೆ, ಯಾರು ನಂಬುತ್ತಾರ್ರೀ ಎಂದು ನಿರ್ದೇಶಕ ಹಾಳೆ ಹರಿದುಬಿಡುತ್ತಿದ್ದ. ತ್ಯಾಗವೋ, ಹೈಕಮಾಂಡ್ ಮಾತೋ, ಅದನ್ನು ಹಿರಿಯರೇ ಹೇಳಬೇಕು. 2004ರಲ್ಲಿ ಮುಖ್ಯಮಂತ್ರಿಯಾದವರು 2008ರಲ್ಲಿ ತಮ್ಮದೇ ಕ್ಷೇತ್ರ ಜೇವರ್ಗಿಯಲ್ಲೇ ಸೋತರು, ಮರುವರ್ಷ ಬೀದರಿನಿಂದ ಲೋಕಸಭೆಗೆ ಹೋದರು.

ಮತ್ತೆ ಟಿ.ವಿ.ಗೆ ಬಂದರೆ, ‘ಮಹಾನಾಯಕ’ಕ್ಕಿಂತ ನನಗೆ ಇನ್ನೂ ಹಿಡಿಸಿದ್ದು ಶ್ಯಾಮ್ ಬೆನೆಗಲ್ಲರ ‘ಸಂವಿಧಾನ್’ ಧಾರಾವಾಹಿ. 2014ರ ಲೋಕಸಭಾ ಚುನಾವಣೆಯ ಮುಂಚೆ, ಮಾರ್ಚಿನಲ್ಲಿ, ರಾಜ್ಯಸಭಾ ಟಿ.ವಿ.ಯಲ್ಲಿ ಶುರುವಾಯಿತು. ಸಚಿನ್ ಖೇಡೇಕರ್ ಅಂಬೇಡ್ಕರ್ ಆಗಿದ್ದಾರೆ. ಸಂವಿಧಾನ ರಚನಾ ಸಭೆಯ ಆ ಕಥೆಯಲ್ಲಿ ಖಳನಾಯಕನಿಲ್ಲ. ಒಬ್ಬ ಎದ್ದು ವಿರೋಧಿಸುತ್ತಾನೆ, ಉಳಿದವರು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುತ್ತಾರೆ. ಜಗಳ ಜೋರಾಗಿಯೇ ಇದೆ, ಆದರೆ ಯಾರೂ ಸಭೆ ಬಿಟ್ಟು ಹೋಗಿ ಮಾತು ಬಿಡುವುದಿಲ್ಲ. ಕೆಲವರಿಗೆ ನಿದ್ದೆ ಬರಬಹುದು, ಬರಲಿ. ಒಟ್ಟು ಹತ್ತು ಕಂತು, ಯೂಟ್ಯೂಬಿನಲ್ಲಿ ಸಿಗುತ್ತವೆ. ಮುಂದಿನ ಪಂಚಾಯ್ತಿ ಚುನಾವಣೆ ಘೋಷಣೆಯಾಗುವ ಮುಂಚೆ ನಮ್ಮನ್ನು ಇಲ್ಲಿ ಸೇರಿಸಿದ ಸಂಘದವರು ಇದೇ ಸಭಾಂಗಣದಲ್ಲಿ ವಾರಕ್ಕೊಂದರಂತೆ ತೋರಿಸಲಿ. ಊರಿನ ಎರಡೂ ಗುಂಪಿನವರನ್ನು ಕರೆಯಿರಿ. ಹಿಂದಿ ತಿಳಿಯದವರಿಗೆ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುವ ಕೆಲಸ ನನಗಿರಲಿ.