ಹೊಗೆಯ ಅಳತೆ ಯಾರ ಸೊತ್ತು?



ಸವಣೂರಿನ ಆಸುಪಾಸಿನಲ್ಲಿ ರಬ್ಬರ್ ಹಾಳೆ ಒಣಗಿಸುವ ಹೊಗೆಗೂಡುಗಳನ್ನು ನೀವು ಕಂಡಿರಬಹುದು. ಅಲ್ಲಿಂದೇಳುವ ಹೊಗೆ ಎಷ್ಟು ದಟ್ಟವೆಂದು ಹೇಳುವುದು ಹೇಗೆ? 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಿಂಗಲ್‌ಮನ್, ಹೊಗೆಯೊಡನೆ ಹೋಲಿಸಲು ಒಂದು ಪಟ್ಟಿ ರೂಪಿಸಿದರು: 1ನೇ ಅಂಕಿ ಶೇ. 20 ಕಪ್ಪು, 5ನೆಯದು ಪೂರ್ತಿ ಕಪ್ಪು. ಆದರೆ ನೋಡುವ ಕಣ್ಣು ಬದಲಾದರೆ ಉತ್ತರವೂ ಬದಲಾದೀತು. ಡಿಜಿಟಲ್ ಚಿತ್ರವಾದರೆ, ಹೊಗೆಯ ಹೊಳಪನ್ನು ಹಿಂದಿನ ಆಕಾಶದ ಹೊಳಪಿನೊಡನೆ ಗಣಕವೇ ಹೋಲಿಸುತ್ತದೆ. ಚಿತ್ರ ಸಾಕ್ಷಿಯಾಗಿಯೂ ಉಳಿಯುತ್ತದೆ.

ಇಂಥ ವಿಧಾನಕ್ಕೆ ಸರ್ಕಾರವೇ ಪೇಟೆಂಟ್ ಪಡೆಯಿತೆನ್ನಿ. ಪ್ರಜೆಗಳ ತೆರಿಗೆಯಿಂದ ಹುಟ್ಟಿದ್ದು ಪುಕ್ಕಟೆ ಸಿಗಬೇಡವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೇಟೆಂಟ್ ಪತ್ರ ತಾನಾಗಿ ಹೊಗೆ ಅಳೆಯದು. ಉಪಕರಣ ತಯಾರಿಸಿ, ಪರೀಕ್ಷಿಸಿ, ಮಾರುವವರು ಬೇಕು. ಅವರಿಗೆ ಕೊಡುವ ಅನುಮತಿಯೇ ಪರವಾನಗಿ. ಮೈಸೂರಿನ ಸಿ.ಎಫ್.ಟಿ.ಆರ್.ಐ. ತನ್ನ ಆಹಾರ ತಂತ್ರಜ್ಞಾನವನ್ನು ಉದ್ಯಮಿಗಳಿಗೆ ಒಪ್ಪಿಸುವುದು ಹೀಗೆಯೇ. ಪ್ರಯೋಗಾಲಯದ ಶೋಧಗಳನ್ನು ಉದ್ಯಮಕ್ಕೆ ತಲುಪಿಸಲೆಂದೇ 1953ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಹುಟ್ಟಿತು.

ಪರವಾನಗಿ ಒಬ್ಬರಿಗೇ ಮೀಸಲಾದರೆ ಬೆಲೆ ಅವರ ಕೈಯಲ್ಲಿ. ಹಲವರಿಗೆ ದೊರೆತರೆ ಪೈಪೋಟಿ. ನಮ್ಮ ದೇಶದಲ್ಲಿ ಪೇಟೆಂಟಿನ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ. ಬಳಿಕ ಅದು ಎಲ್ಲರದು. ಅಲ್ಲಿಯವರೆಗೆ ಷರತ್ತುಗಳೇನೆಂದು ಕೇಳುವ ಹಕ್ಕು, ಅದೇ ಗಾಳಿ ಉಸಿರಾಡುವ ನಿಮಗೂ ಇದೆ.