ಗಲ್ಫ್‌ಗೆ ಹೊರಟವರಿಗೆ ಎರಡು ಮಾತು

ನಮ್ಮ ಪಾವಗಡದ ತಿರುಮಣಿ ಸೋಲಾರ್ ಪಾರ್ಕ್‌ನಲ್ಲಿ ಕೆಲಸ ಕಲಿತು ದುಬೈಗೋ ರಿಯಾದ್‌ಗೋ ಹೊರಟಿದ್ದೀರಾ? ಮೊದಲು ವಾರದ ಲೆಕ್ಕ ಸರಿ ಮಾಡ್ಕೊಳ್ಳಿ. ಯುಎಇ ಸರ್ಕಾರಿ ಕಚೇರಿಗಳಿಗೆ 2022ರಿಂದ ಶುಕ್ರವಾರ ಅರ್ಧ ದಿನ, ಶನಿವಾರ, ಭಾನುವಾರ ರಜೆ. ಸೌದಿಯಲ್ಲಿ ಭಾನುವಾರವೇ ವಾರ ಶುರು.

ಕಾಫಿ ಕೊಟ್ಟರೆ ಬಲಗೈಲಿ ತಗೊಳ್ಳಿ. ಸಾಕು ಅನ್ನೋಕೆ ಬಟ್ಟಲು ಅಲ್ಲಾಡಿಸಿ, ಇಲ್ಲದಿದ್ರೆ ಸುರೀತಾನೇ ಇರ್ತಾರೆ!

‘ಇನ್ಶಾ ಅಲ್ಲಾ’ ಅಂದ್ರೆ ಕೆಲವೊಮ್ಮೆ ಹೌದು, ಕೆಲವೊಮ್ಮೆ ನಮ್ಮೂರಿನ ‘ನೋಡೋಣ ಬಿಡಿ’. ಸಂಬಳದ ಮಾತಾದ್ರೆ ಕಾಗದದಲ್ಲಿ ಬರೆಸ್ಕೊಳ್ಳಿ; ಬಿಕಾಂ ಓದಿದ ನಾನಂತೂ ಬಾಯಿಮಾತು ನಂಬಲ್ಲ.

ರಂಜಾನ್‌ನಲ್ಲಿ ಹಗಲು ಎಲ್ಲರೆದುರು ಊಟ, ನೀರು, ಸಿಗರೇಟು ಬೇಡ. ಆದ್ರೆ ಯುಎಇಯ ಖಾಸಗಿ ಕಂಪನಿಗಳಲ್ಲಿ ಆ ತಿಂಗಳು ದಿನಕ್ಕೆ 2 ಗಂಟೆ ಕೆಲಸ ಕಡಿಮೆ. ನೀವು ಉಪವಾಸ ಇರಿ, ಬಿಡಿ, ಆ ರಿಯಾಯಿತಿ ನಿಮಗೂ ಇದೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಓಟಿ ಕೇಳಿ, ನಯವಾಗಿ.