ಬ್ಯಾಕ್ಟೀರಿಯಾಕ್ಕೆ ಚಳಿ ಗೊತ್ತಾಗುವುದು ಹೇಗೆ?



ಸೂಕ್ಷ್ಮಜೀವಿಗಳ ಪ್ರದರ್ಶನವೆಂದರೆ ಸಾಮಾನ್ಯವಾಗಿ ಕಾಲರಾ, ಕ್ಷಯ, ಟೈಫಾಯಿಡ್‌ಗಳ ಚಿತ್ರಪಟ, ಜೊತೆಗೆ ಕೈ ತೊಳೆಯಿರಿ ಎಂಬ ಬುದ್ಧಿಮಾತು. ಅದೂ ಬೇಕು. ಆದರೆ ಈ ಸಲ ನೀವು ಒಂದು ಮಳಿಗೆಯನ್ನು ಪೂರ್ತಿ ಜೀವಕೋಶದ ಪೊರೆಗೇ ಬಿಟ್ಟಿದ್ದೀರಿ ಎಂದು ತಿಳಿದೇ ನಾನು ಒಪ್ಪಿ ಬಂದದ್ದು.

ಡಿಸೆಂಬರ್ ಚಳಿಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಆಗುವುದಿಲ್ಲ. ವ್ಯತ್ಯಾಸ ಕೊಬ್ಬಿನಾಮ್ಲಗಳದ್ದು. ದ್ವಿಬಂಧವಿದ್ದಲ್ಲಿ ಸರಪಳಿ ಡೊಂಕಾಗುತ್ತದೆ, ಒತ್ತೊತ್ತಾಗಿ ಕೂರಲಾರದು. ಬ್ಯಾಕ್ಟೀರಿಯಾದ ಪೊರೆಯೂ ಇಂಥ ಕೊಬ್ಬಿನದೇ. ಮೈಯ ಬಿಸಿ ಕಾಯ್ದುಕೊಳ್ಳುವ ಉಪಾಯ ಅದಕ್ಕಿಲ್ಲ, ಹಾಗಾಗಿ ತಣ್ಣಗಾದಾಗ ಪೊರೆ ಬಿಗಿಯಾಗದಂತೆ ಕೊಬ್ಬನ್ನೇ ಬದಲಿಸಿಕೊಳ್ಳುತ್ತದೆ. ಆದರೆ ಚಳಿಯಾಯಿತೆಂದು ಅದಕ್ಕೆ ಹೇಳುವವರು ಯಾರು?

ಅರ್ಜೆಂಟೀನಾದ ವಿಜ್ಞಾನಿ ಡಿಯೆಗೊ ಡಿ ಮೆಂಡೋಸಾ ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಪ್ರಶ್ನೆಗೆ ಕೊಟ್ಟರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಕ್ರೋನನ್ ಜೊತೆ ಇ. ಕೋಲಿ ಮೇಲೆ ಕೆಲಸ ಮಾಡಿದರು. ಅಲ್ಲಿನ ಉತ್ತರ ಸರಳ: ದ್ವಿಬಂಧವುಳ್ಳ ಕೊಬ್ಬಿನಾಮ್ಲ ಕಟ್ಟುವ ಒಂದು ಕಿಣ್ವಕ್ಕೆ ತಂಪೇ ಹಿತ. ಹೊಸ ಜೀನೇನೂ ಎಚ್ಚರಗೊಳ್ಳಬೇಕಿಲ್ಲ.

ಅಷ್ಟಕ್ಕೇ ತೃಪ್ತರಾಗಿದ್ದರೆ ನಾನು ಇವತ್ತು ಅವರ ಹೆಸರೆತ್ತುತ್ತಿರಲಿಲ್ಲ. ದೇಶಕ್ಕೆ ಮರಳಿ, ಪರಾನಾ ನದಿ ದಂಡೆಯ ರೊಸಾರಿಯೊದಲ್ಲಿ ಅವರು ಮಣ್ಣಿನ ಬ್ಯಾಸಿಲಸ್ ಸಬ್ಟಿಲಿಸನ್ನು ಕೈಗೆತ್ತಿಕೊಂಡರು. ಇದರ ರೀತಿಯೇ ಬೇರೆ. 37 ಡಿಗ್ರಿಯಿಂದ 25ಕ್ಕೆ ಇಳಿಸಿದರೆ, ಸುಮ್ಮನಿದ್ದ ಒಂದು ಜೀನ್ ಎದ್ದು ಕೆಲಸಕ್ಕೆ ತೊಡಗುತ್ತದೆ. ಅದು ಹೆಣೆದ ಕಿಣ್ವ ಪೊರೆಯಲ್ಲಿ ಆಗಲೇ ಇರುವ ಕೊಬ್ಬಿಗೆ ದ್ವಿಬಂಧ ಸೇರಿಸುತ್ತದೆ. ಜೀನನ್ನು ಎಬ್ಬಿಸುವುದು ಡೆಸ್‌ಕೆ, ಡೆಸ್‌ಆರ್ ಎಂಬ ಎರಡು ಪ್ರೋಟೀನುಗಳೆಂದು ಅವರ ತಂಡ 2001ರಲ್ಲಿ ತೋರಿಸಿತು. ಪೊರೆ ಮತ್ತೆ ಸಡಿಲವಾದೊಡನೆ ಅದೇ ಡೆಸ್‌ಕೆ ತಿರುಗಿ ಕೆಲಸ ನಿಲ್ಲಿಸಿಬಿಡುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಕೆಲಸ. ಡೆಸ್‌ಕೆ ಐದು ಎಳೆಗಳಾಗಿ ಪೊರೆಯನ್ನು ಐದು ಸಲ ದಾಟುತ್ತದೆ. ಇಷ್ಟೂ ಬೇಕೇ ಎಂದು ಅದನ್ನು ಮೊಟಕುಗೊಳಿಸುತ್ತ ಹೋದರು. ಮೊದಲನೆಯ ಮತ್ತು ಐದನೆಯ ಎಳೆಗಳ ತುಂಡುಗಳನ್ನು ಬೆಸೆದ ಒಂದೇ ಎಳೆಗೂ ಚಳಿ ತಿಳಿಯುತ್ತಿತ್ತು! ಅದು ಗ್ರಹಿಸುವುದು ಪೊರೆಯ ದಪ್ಪವನ್ನು: ತಣ್ಣಗಾದರೆ ಕೊಬ್ಬಿನ ಸರಪಳಿಗಳು ನೆಟ್ಟಗಾಗಿ ಪೊರೆ ತುಸು ದಪ್ಪವಾಗುತ್ತದೆ. 2010ರ ಆ ಪ್ರಬಂಧವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಓದಲೇಬೇಕು. ಪರೀಕ್ಷೆಗೆ ಬರುವುದಿಲ್ಲ, ಆದರೂ ಓದಿ.

ಮಳಿಗೆಯೊಳಗೆ ಬ್ಯಾಸಿಲಸ್ಸಿನ ತಟ್ಟೆಗಳಿವೆ, ಒರಟು ಅಂಚಿನ ಮಾಸಲು ಬಿಳಿಯ ಕಾಲೊನಿಗಳು. ಮುಚ್ಚಳ ತೆಗೆಯಬೇಡಿ. ಪಕ್ಕದಲ್ಲಿ ನಿಂತ ವಿದ್ಯಾರ್ಥಿಗೆ ಕಷ್ಟದ ಪ್ರಶ್ನೆಯನ್ನೇ ಕೇಳಿ. ಪ್ರದರ್ಶನ ಉದ್ಘಾಟನೆಯಾಗಿದೆ, ಬನ್ನಿ.